ಬೆಳಿಗ್ಗೆ ಕಿತ್ತಳೆ, ಸಂಜೆ ಗಂಧ: ಸೆಂಟಿನ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಸೆಂಟು, ಅತ್ತರು, ಬಾಡಿ ಸ್ಪ್ರೇ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ದೂರಿಗೆ ಬಂದು ನಿಲ್ಲುತ್ತವೆ: ಅಂಗಡಿಯಲ್ಲಿ ಮೂಸಿದಾಗ ಇದ್ದ ಪರಿಮಳ ಮನೆಗೆ ಬಂದ ಮೇಲೆ ಇರುವುದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಮಾಲ್‌ನಲ್ಲಿ ಒಂದು ಪರ್ಫ್ಯೂಮನ್ನು ಕಾಗದದ ಪಟ್ಟಿಗೆ ಹೊಡೆದು ಮೂಸಲು ಕೊಟ್ಟರು. ಆಗಷ್ಟೇ ಕಿತ್ತಳೆ ಸಿಪ್ಪೆ ಸುಲಿದ ಹಾಗಿತ್ತು. ಮನಸ್ಸಿಗೆ ಹಿಡಿಸಿ ನಾಲ್ಕೂವರೆ ಸಾವಿರ ಕೊಟ್ಟು ತಂದೆ. ಮನೆಯಲ್ಲಿ ಹಾಕಿಕೊಂಡರೆ ಅರ್ಧ ಗಂಟೆಗೆ ಕಿತ್ತಳೆ ಮಾಯವಾಗಿ ಮರದ ಪುಡಿ, ವೆನಿಲಾ ಬೆರೆತಂಥ ಗಡುಸು ವಾಸನೆ ಬರುತ್ತದೆ. ಡೂಪ್ಲಿಕೇಟ್ ಇರಬಹುದೇ? — ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಇಷ್ಟರಿಂದಲೇ ಡೂಪ್ಲಿಕೇಟ್ ಎನ್ನಲು ಬರುವುದಿಲ್ಲ. ಅಸಲಿ ಪರ್ಫ್ಯೂಮ್ ಕೂಡ ಹೀಗೇ ಬದಲಾಗುತ್ತದೆ, ಬದಲಾಗುವಂತೆಯೇ ಅದನ್ನು ಕಟ್ಟಿರುತ್ತಾರೆ.

ಬಾಟಲಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಇರುವುದು ಆಲ್ಕೋಹಾಲ್ ಮತ್ತು ಸ್ವಲ್ಪ ನೀರು. ಉಳಿದ ಭಾಗದಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪರಿಮಳ ವಸ್ತುಗಳು ಕರಗಿರುತ್ತವೆ. ಪ್ರತಿಯೊಂದೂ ತನ್ನದೇ ವೇಗದಲ್ಲಿ ಆವಿಯಾಗುತ್ತದೆ. ಆ ವೇಗದ ಒಂದು ಅಂದಾಜು ಬೇಕಿದ್ದರೆ ಕುದಿಬಿಂದು ನೋಡಿ: ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಿಗೆ ಇರುವ ಲಿಮೊನಿನ್ 176, ಲ್ಯಾವೆಂಡರಿನ ಲಿನಲೂಲ್ 198, ಮಲ್ಲಿಗೆಯ ಬೆಂಜೈಲ್ ಅಸಿಟೇಟ್ 212, ವೆನಿಲಿನ್ 285, ಶ್ರೀಗಂಧದ ಸ್ಯಾಂಟಲಾಲ್ 300ರ ಆಸುಪಾಸು. ಚರ್ಮದ ಮೇಲ್ಮೈ ಬಿಸಿ 30ರಿಂದ 34 ಡಿಗ್ರಿ ಅಷ್ಟೆ, ಅಲ್ಲಿ ಇದ್ಯಾವುದೂ ಕುದಿಯುವುದಿಲ್ಲ. ಆದರೆ ಕಡಿಮೆ ಶಾಖಕ್ಕೆ ಕುದಿಯುವುದು ಸಾಮಾನ್ಯವಾಗಿ ಬೇಗ ಹಾರಿಹೋಗುತ್ತದೆ, ಹೆಚ್ಚಿನದಕ್ಕೆ ಕುದಿಯುವುದು ಕಚ್ಚಿಕೊಂಡು ಕೂರುತ್ತದೆ.

ನಿಮ್ಮ ಮಣಿಕಟ್ಟಿನ ಮೇಲೆ ಆದದ್ದು ಇದೇ. ಮೊದಲ ಅರ್ಧ ನಿಮಿಷ ಮೂಗಿಗೆ ಚುಚ್ಚುವುದು ಆಲ್ಕೋಹಾಲ್. ಅದು ಆರಿದ ಮೇಲೆ ಹತ್ತು ಹದಿನೈದು ನಿಮಿಷ ನಿಂಬೆ, ಕಿತ್ತಳೆ, ಬರ್ಗಮಾಟ್ ಜಾತಿಯವು ಮೆರೆಯುತ್ತವೆ. ಇವಕ್ಕೆ ಟಾಪ್ ನೋಟ್ ಎನ್ನುತ್ತಾರೆ. ಇಪ್ಪತ್ತು ನಿಮಿಷದಿಂದ ಎರಡು ಮೂರು ಗಂಟೆಯವರೆಗೆ ಗುಲಾಬಿ, ಮಲ್ಲಿಗೆ, ಲವಂಗದಂಥ ಮಧ್ಯದ ಪದರ. ಆಮೇಲೆ ಉಳಿಯುವುದು ಬೇಸ್: ಶ್ರೀಗಂಧ, ಪಚೌಲಿ ಎಂಬ ಪರಿಮಳದ ಎಲೆ, ಲಾವಂಚ, ವೆನಿಲಾ, ಕೃತಕ ಕಸ್ತೂರಿ. ಇವು ಒಂದಾದ ಮೇಲೊಂದು ಸರದಿಯಲ್ಲಿ ಬರುತ್ತವೆ ಎಂದುಕೊಳ್ಳಬೇಡಿ. ಮರದ ಪುಡಿಯ ವಾಸನೆ ಮೊದಲ ಕ್ಷಣದಿಂದಲೂ ಅಲ್ಲೇ ಇತ್ತು. ಕಿತ್ತಳೆಯ ಅಬ್ಬರದಲ್ಲಿ ಮೂಗಿಗೆ ಸಿಕ್ಕಿರಲಿಲ್ಲ.

ವಿಲಿಯಂ ಪೌಚರ್ ಎಂಬ ಬ್ರಿಟಿಷ್ ಪರಿಮಳ ತಜ್ಞರು 1950ರ ದಶಕದಲ್ಲಿ ಮುನ್ನೂರಕ್ಕೂ ಹೆಚ್ಚು ಪರಿಮಳ ವಸ್ತುಗಳನ್ನು ಒಂದೊಂದಾಗಿ ಕಾಗದದ ಪಟ್ಟಿಗೆ ಹಾಕಿ, ಎಷ್ಟು ಹೊತ್ತು ತನ್ನ ಗುಣ ಬಿಡದೆ ನಿಲ್ಲುತ್ತದೆ ಎಂದು ನೋಡಿ 1ರಿಂದ 100ರವರೆಗೆ ಅಂಕ ಕೊಟ್ಟರು. 14ರವರೆಗೆ ಟಾಪ್, 15ರಿಂದ 60 ಮಧ್ಯ, 61ರ ಮೇಲೆ ಬೇಸ್. ಶ್ರೀಗಂಧ, ಪಚೌಲಿ ಎರಡಕ್ಕೂ ನೂರಕ್ಕೆ ನೂರು. ಪರ್ಫ್ಯೂಮ್ ಕಂಪನಿಗಳು ಡಬ್ಬಿಯ ಮೇಲೆ ಬರೆಯುವ ಮೂರು ಪದರದ ವಿವರದ ಹಿಂದೆ ಇರುವುದು ಇದೇ ಬಗೆಯ ಲೆಕ್ಕ.

ಇನ್ನು ಕಾಗದದ ಪಟ್ಟಿ. ಅದಕ್ಕೆ ಮೈಯ ಬಿಸಿ ಇಲ್ಲ, ಎಣ್ಣೆಯ ಪಸೆ ಇಲ್ಲ. ಅದರ ಮೇಲೆ ಕಿತ್ತಳೆ ಸಾವಕಾಶವಾಗಿ ಹೋಗುತ್ತದೆ, ಬೇಸ್ ತಡವಾಗಿ ಕಾಣಿಸಿಕೊಳ್ಳುತ್ತದೆ. ಬೇಡವಾದದ್ದನ್ನು ತಳ್ಳಿಹಾಕಲು ಪಟ್ಟಿ ಸಾಕು, ಕೊಳ್ಳುವ ತೀರ್ಮಾನಕ್ಕೆ ಸಾಲದು. ಮುಂದಿನ ಸಲ ಹೀಗೆ ಮಾಡಿ. ಆ ದಿನ ಬೇರೆ ಸೆಂಟು ಹಾಕಿಕೊಳ್ಳದೆ ಅಂಗಡಿಗೆ ಹೋಗಿ. ಪಟ್ಟಿಯ ಮೇಲೆ ಐದಾರು ಮೂಸಿ, ಅದರಲ್ಲಿ ಎರಡನ್ನು ಮಾತ್ರ ಆರಿಸಿ ಒಂದೊಂದು ಕೈಗೆ ಒಂದೊಂದು ಸ್ಪ್ರೇ ಹೊಡೆಸಿಕೊಳ್ಳಿ. ಯಾವ ಕೈಗೆ ಯಾವುದು ಎಂದು ಮೊಬೈಲಿನಲ್ಲಿ ಬರೆದುಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಒಳಗಿನ ಗಾಳಿಯಲ್ಲೇ ಹತ್ತು ಪರ್ಫ್ಯೂಮ್ ತೇಲುತ್ತಿರುತ್ತವೆ, ಅಲ್ಲಿ ನಿಂತು ಏನನ್ನೂ ನಿರ್ಧರಿಸಲಾಗದು. 15 ನಿಮಿಷ, 1 ಗಂಟೆ, 4 ಗಂಟೆಗೆ ಒಮ್ಮೊಮ್ಮೆ ಮೂಸಿ. ನಾಲ್ಕು ಗಂಟೆಯ ವಾಸನೆ ಹಿಡಿಸಿದರೆ ಮಾತ್ರ ದುಡ್ಡು ಕೊಡಿ. ದಿನದ ಬಹುಪಾಲು ನಿಮ್ಮ ಜೊತೆ ಇರುವುದು ಅದೇ.

ಅಂದ ಹಾಗೆ, ಕೌಂಟರಿನಲ್ಲಿ ಮೂಸಲು ಕೊಡುವ ಕಾಫಿ ಬೀಜದಿಂದ ಮೂಗು ಚುರುಕಾಗುವುದಿಲ್ಲ. ಪರೀಕ್ಷಿಸಿ ನೋಡಿದಾಗ ಬರೀ ಗಾಳಿಗಿಂತ ಅದು ಹೆಚ್ಚು ಉಪಕಾರ ಮಾಡಿದ್ದು ಕಂಡಿಲ್ಲ. ಹೊರಗೆ ಬಂದು ಐದು ನಿಮಿಷ ಓಡಾಡಿದರೆ ಸಾಕು.

ಪ್ರಶ್ನೆ: ನಾನು ಮತ್ತು ನನ್ನ ಅಕ್ಕ ಒಂದೇ ಬಾಟಲಿ ಬಳಸುತ್ತೇವೆ. ಅಕ್ಕನ ಮೈಮೇಲೆ ಸಂಜೆಯವರೆಗೂ ಘಮಘಮ ಅನ್ನುತ್ತೆ, ನನ್ನ ಮೇಲೆ ಮಧ್ಯಾಹ್ನಕ್ಕೇ ಇಲ್ಲ. ಚರ್ಮದ ಪಿಎಚ್ ಕಾರಣ ಎಂದು ಎಲ್ಲೋ ಓದಿದೆ. ನಿಜವೇ? — ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪಿಎಚ್‌ಗೆ ಅಂದರೆ ಆಮ್ಲ, ಕ್ಷಾರದ ಅಳತೆಗೆ ಅಷ್ಟು ಮಹತ್ವ ಕೊಡಬೇಕಿಲ್ಲ. ಆರೋಗ್ಯವಂತರ ಚರ್ಮ ಸ್ವಲ್ಪ ಆಮ್ಲೀಯ, ಹೆಚ್ಚು ಕಡಿಮೆ ನಾಲ್ಕೂವರೆಯಿಂದ ಆರರ ನಡುವೆ. ಪರ್ಫ್ಯೂಮಿನ ಬಹುಪಾಲು ವಸ್ತುಗಳು ಅಷ್ಟು ಸಣ್ಣ ವ್ಯತ್ಯಾಸಕ್ಕೆ ಕೆಲವೇ ಗಂಟೆಯಲ್ಲಿ ರೂಪ ಬದಲಿಸುವಂಥವಲ್ಲ.

ನಿಜವಾದ ಕಾರಣ ಪಸೆ. ಪರಿಮಳ ವಸ್ತುಗಳು ಎಣ್ಣೆಯಲ್ಲಿ ಕರಗುತ್ತವೆ. ಅಕ್ಕನದು ಎಣ್ಣೆ ಚರ್ಮವಾದರೆ ಅವು ಆ ಪಸೆಯಲ್ಲಿ ಕರಗಿ ನಿಧಾನವಾಗಿ ಹೊರಬೀಳುತ್ತವೆ. ಒಣ ಚರ್ಮದಲ್ಲಿ ಹಿಡಿದಿಡಲು ಏನೂ ಇಲ್ಲದೆ ಬೇಗ ಹಾರುತ್ತವೆ. ಮೈಬಿಸಿ, ಬೆವರು, ಹಚ್ಚುವ ಜಾಗ ಕೂಡ ಲೆಕ್ಕಕ್ಕೆ ಬರುತ್ತವೆ. ಸೋಪಿನ ವಾಸನೆಯನ್ನು ನಾವು ಮರೆತೇಬಿಡುತ್ತೇವೆ. ಶ್ರೀಗಂಧದ ಸೋಪಿನಲ್ಲಿ ಮಿಂದ ಮೈಮೇಲೆ ಪರ್ಫ್ಯೂಮ್ ಬೀಳುವಾಗ ಅಡಿಯಲ್ಲಿ ಆಗಲೇ ಒಂದು ತೆಳು ಬೇಸ್ ಇರುತ್ತದೆ. ನೀವಿಬ್ಬರೂ ಬೇರೆ ಬೇರೆ ಸೋಪು ಬಳಸುತ್ತಿದ್ದರೆ ವಾಸನೆ ಒಂದೇ ಆಗಿರಲು ಸಾಧ್ಯವಿಲ್ಲ.

ಖಚಿತ ಮಾಡಿಕೊಳ್ಳಬೇಕೆಂದರೆ ಇಬ್ಬರೂ ಮುಂಗೈಯ ಒಳಭಾಗವನ್ನು ವಾಸನೆ ಇಲ್ಲದ ಸೋಪಿನಲ್ಲಿ ತೊಳೆದು ಒರೆಸಿ, ಹತ್ತು ನಿಮಿಷ ಬಿಟ್ಟು ಒಂದೊಂದೇ ಸ್ಪ್ರೇ ಹಾಕಿಕೊಳ್ಳಿ. ನಿಮ್ಮ ಇನ್ನೊಂದು ಕೈಗೆ ಮೊದಲು ವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಸವರಿ, ಅದರ ಮೇಲೆ ಒಂದು ಸ್ಪ್ರೇ ಹೊಡೆಯಿರಿ. ನಾಲ್ಕು ಗಂಟೆ ಬಿಟ್ಟು ಮೂರನೆಯವರೊಬ್ಬರ ಕೈಲಿ ಮೂಸಿಸಿ. ಮಾಯಿಶ್ಚರೈಸರ್ ಕೈ ಗೆದ್ದರೆ ನಿಮ್ಮ ತೊಂದರೆ ಒಣ ಚರ್ಮ, ಅದರ ಪರಿಹಾರವೂ ಸಿಕ್ಕಂತಾಯಿತು.

ಪ್ರಶ್ನೆ: ಬೆಳಿಗ್ಗೆ ಒಂಬತ್ತಕ್ಕೆ ಆರು ಸಲ ಸ್ಪ್ರೇ ಮಾಡಿಕೊಂಡರೂ ಹತ್ತೂವರೆಗೆ ಏನೂ ಇರುವುದಿಲ್ಲ. ಬಾಟಲಿ ಮೇಲೆ ಇಡಿಟಿ ಎಂದಿದೆ. ಇಡಿಪಿ ಕೊಂಡರೆ ಸರಿಹೋಗುತ್ತದೆಯೇ? — ಉಪನ್ಯಾಸಕರು, ಧಾರವಾಡ

ಉತ್ತರ: ಸ್ವಲ್ಪ ಮಟ್ಟಿಗೆ. ಕೊಲೋನ್ ಎಂದರೆ ಪರಿಮಳದ ಅಂಶ ಶೇ 2ರಿಂದ 5, ಇಡಿಟಿ ಅಂದರೆ ಓ ದ ತ್ವಾಲೆತ್ ಶೇ 5ರಿಂದ 15, ಇಡಿಪಿ ಅಂದರೆ ಓ ದ ಪರ್ಫಂ ಶೇ 15ರಿಂದ 20, ಎಕ್ಸ್‌ಟ್ರೇ ಶೇ 20ರ ಮೇಲೆ. ಇದು ಉದ್ಯಮದ ರೂಢಿ, ಕಾನೂನು ನಿಗದಿ ಮಾಡಿದ ಅಳತೆಯಲ್ಲ. ಒಂದು ಕಂಪನಿಯ ಇಡಿಟಿ ಇನ್ನೊಂದರ ಇಡಿಪಿಗಿಂತ ಹೆಚ್ಚು ಬಾಳಬಹುದು. ಜೊತೆಗೆ ಒಂದೇ ಹೆಸರಿನ ಇಡಿಟಿ ಮತ್ತು ಇಡಿಪಿ ಎಷ್ಟೋ ಸಲ ಬೇರೆ ಬೇರೆ ಮಿಶ್ರಣ. ಇಡಿಪಿಯಲ್ಲಿ ಬೇಸ್ ಜಾಸ್ತಿ ಇಟ್ಟು ಟಾಪ್ ಕಡಿಮೆ ಮಾಡಿರುತ್ತಾರೆ. ನಿಮಗೆ ಹಿಡಿಸಿದ್ದು ಆ ತಾಜಾತನವೇ ಆಗಿದ್ದರೆ ಇಡಿಪಿಯಲ್ಲಿ ಅದೇ ಕಮ್ಮಿ ಇರಬಹುದು. ಮೂಸದೆ ಕೊಳ್ಳಬೇಡಿ.

ಶೇಕಡಾವಾರಿಗಿಂತ ಮುಖ್ಯವಾದದ್ದು ಒಳಗೆ ಏನಿದೆ ಎಂಬುದು. ನಿಂಬೆ, ಪುದೀನ, ಲ್ಯಾವೆಂಡರ್ ಸುತ್ತಲೇ ಕಟ್ಟಿದ ಸೆಂಟನ್ನು ಎಷ್ಟು ಗಟ್ಟಿ ಮಾಡಿದರೂ ಸಂಜೆಯವರೆಗೆ ಎಳೆಯಲಾಗದು. 1709ರಲ್ಲಿ ಜರ್ಮನಿಯ ಕಲೋನ್ ಊರಿನಲ್ಲಿ ಫರೀನಾ ಮನೆತನ ಶುರು ಮಾಡಿದ ಮೂಲ ಕೊಲೋನ್ ಇದೇ ಬಗೆಯದು. ಮೈಗೆ ತಂಪು ಕೊಟ್ಟು ಬೇಗ ಹೋಗುವುದು ಅದರ ಸ್ವಭಾವ, ಅದನ್ನು ದೋಷ ಎನ್ನಬಾರದು. ಅಂಥದ್ದು ಇಷ್ಟವಾದರೆ 5 ಅಥವಾ 10 ಮಿ.ಲೀ. ಹಿಡಿಯುವ ಸಣ್ಣ ಸ್ಪ್ರೇ ಶೀಶೆಗೆ ತುಂಬಿಸಿಕೊಂಡು ಬ್ಯಾಗಿನಲ್ಲಿಟ್ಟು ಮಧ್ಯಾಹ್ನ ಇನ್ನೊಮ್ಮೆ ಹಾಕಿಕೊಳ್ಳಿ.

ಹಚ್ಚುವ ಕ್ರಮಕ್ಕೆ ಬರೋಣ. ಸ್ನಾನವಾದ ಐದು ನಿಮಿಷದೊಳಗೆ, ಮೈ ಒರೆಸಿಕೊಂಡರೂ ಚರ್ಮದಲ್ಲಿ ತೇವ ಇರುವಾಗಲೇ ವಾಸನೆ ಇಲ್ಲದ ಕ್ರೀಮ್ ಹಚ್ಚಿ. ತೀರ ಒಣ ಚರ್ಮಕ್ಕೆ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನು ಎರಡೂ ಮೊಣಕೈ ಮಡಿಕೆಗೆ ಸವರಿದರೆ ಇನ್ನೂ ಒಳ್ಳೆಯದು. ಕೊಬ್ಬರಿ ಎಣ್ಣೆ ಕೂಡ ಹಿಡಿದಿಡುತ್ತದೆ, ಆದರೆ ಅದರ ಸ್ವಂತ ವಾಸನೆ ಬೆರೆಯುತ್ತದೆ. ಹೂವಿನ ಸೆಂಟಿಗೆ ಪರವಾಗಿಲ್ಲ, ನಿಂಬೆ ಬಗೆಯದಕ್ಕೆ ಹೊಂದುವುದಿಲ್ಲ. ಕ್ರೀಮ್ ಇಂಗಿದ ಮೇಲೆ 15–20 ಸೆಂ.ಮೀ. ದೂರದಿಂದ ಕತ್ತಿನ ಹಿಂಭಾಗಕ್ಕೆ ಒಂದು, ಮೊಣಕೈ ಮಡಿಕೆಗೆ ಒಂದೊಂದು, ಅಂಗಿಗೆ ಒಂದು ಸ್ಪ್ರೇ ಹೊಡೆಯಿರಿ. ನಾಲ್ಕೇ ಸಾಕು. ಒಂದು ಸ್ಪ್ರೇಗೆ ಸುಮಾರು 0.1 ಮಿ.ಲೀ. ಬರುತ್ತದೆ, ಈ ಲೆಕ್ಕದಲ್ಲಿ 50 ಮಿ.ಲೀ. ಬಾಟಲಿ ನಾಲ್ಕು ತಿಂಗಳು ಬಾಳುತ್ತದೆ. ಹತ್ತಿ ಬಟ್ಟೆಯ ಮೇಲೆ ಬಿದ್ದದ್ದು ಮೈಮೇಲಿನದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ, ಬಟ್ಟೆ ಅಷ್ಟು ಬಿಸಿಯಾಗುವುದಿಲ್ಲ.

ಎದೆಗೆ, ಗಂಟಲ ಗುಳಿಗೆ ಹೊಡೆದುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಸದಾ ಮೂಗಿನ ಕೆಳಗೇ ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ನಿಲ್ಲಿಸುತ್ತದೆ. ಹತ್ತೂವರೆಗೆ ಏನೂ ಇಲ್ಲ ಎನ್ನುತ್ತೀರಲ್ಲ, ಆ ಹೊತ್ತಿಗೆ ಸಹೋದ್ಯೋಗಿಯೊಬ್ಬರನ್ನು ಕೇಳಿ ನೋಡಿ. ಆರು ಸ್ಪ್ರೇಯ ಘಾಟು ಅವರಿಗೆ ಇನ್ನೂ ಹೊಡೆಯುತ್ತಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಎರಡು ಮಣಿಕಟ್ಟು ಸೇರಿಸಿ ಉಜ್ಜಿದರೆ ಪರಿಮಳದ ಅಣುಗಳು ಒಡೆದುಹೋಗುತ್ತವಂತೆ, ಹೌದೇ? — ಶಿರಸಿ

ಉತ್ತರ: ಅಣು ಒಡೆಯುವಷ್ಟು ಬಲ ಕೈಗಿಲ್ಲ. ಉಜ್ಜಿದಾಗ ಜಾಗ ಬಿಸಿಯಾಗಿ, ಸೆಂಟು ತೆಳ್ಳಗೆ ಹರಡಿ, ಟಾಪ್ ನೋಟ್ ಇನ್ನೂ ಬೇಗ ಹಾರುತ್ತದೆ. ಅರ್ಧ ನಿಮಿಷ ಹಾಗೇ ಬಿಟ್ಟರೆ ತಾನೇ ಆರುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಮನೆ ಮನೆಗೂ ಮಲ್ಲಿಗೆ ಗಿಡ. ಆ ವಾಸನೆಯೇ ಬೇಕೆಂದು ಜಾಸ್ಮಿನ್ ಎಂದು ಬರೆದಿದ್ದ ದುಬಾರಿ ಪರ್ಫ್ಯೂಮ್ ತರಿಸಿದೆ. ಮೊದಲು ಹಣ್ಣಿನ ಹಾಗೆ ಸಿಹಿ, ಒಂದು ಗಂಟೆ ಕಳೆದರೆ ಬೀರುವಿನಲ್ಲಿಡುವ ನುಸಿಗುಳಿಗೆ ವಾಸನೆ. ಮುಡಿದ ಮಲ್ಲಿಗೆ ಹೀಗೆ ಆಗುವುದಿಲ್ಲವಲ್ಲ? — ಗೃಹಿಣಿ, ಶಂಕರಪುರ, ಉಡುಪಿ ಜಿಲ್ಲೆ

ಉತ್ತರ: ಮಲ್ಲಿಗೆಯ ಊರಿನವರ ಮೂಗು ಸರಿಯಾಗಿಯೇ ಹಿಡಿದಿದೆ. ಆ ವಾಸನೆಯ ಹೆಸರು ಇಂಡೋಲ್. ಅದು ನಿಮ್ಮ ಗಿಡದ ಹೂವಿನಲ್ಲೂ ಇದೆ. ಶುದ್ಧ ಇಂಡೋಲ್ ಮೂಸಿದರೆ ನುಸಿಗುಳಿಗೆ ಮತ್ತು ಹೊಲಸು ಎರಡೂ ನೆನಪಾಗುತ್ತವೆ. ಅದೇ ಅತಿ ಸ್ವಲ್ಪ ಇದ್ದಾಗ ಹೂವಿಗೆ ಆಳ ಕೊಡುತ್ತದೆ. ಇಂಡೋಲ್ ತೆಗೆದ ಮಲ್ಲಿಗೆ ಸೆಂಟು ಸೋಪಿನ ಹಾಗೆ ಚಪ್ಪೆ ಅನಿಸುವುದು ಅದಕ್ಕೇ.

ಮಲ್ಲಿಗೆಯಲ್ಲಿ ಹಣ್ಣಿನಂಥ ಸಿಹಿ ಬರುವುದು ಬೆಂಜೈಲ್ ಅಸಿಟೇಟಿನಿಂದ, ತಾಜಾತನ ಲಿನಲೂಲಿನಿಂದ. ಎರಡೂ ಬೇಗ ಹಾರುತ್ತವೆ. ಇಂಡೋಲಿನ ಕುದಿಬಿಂದು 254 ಡಿಗ್ರಿ, ಅದು ನಿಧಾನ. ಗಂಟೆ ಕಳೆಯುವ ಹೊತ್ತಿಗೆ ಜೊತೆಗಿದ್ದವು ಖಾಲಿಯಾಗಿ ಅದರ ಪಾಲು ಏರುತ್ತದೆ, ಅದೇ ಎದ್ದು ಕಾಣುತ್ತದೆ.

ಮುಡಿದ ಹೂವಿನಲ್ಲಿ ಹೀಗಾಗದಿರುವುದಕ್ಕೆ ಕಾರಣ ಸೊಗಸಾಗಿದೆ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆ ಬಿರಿಯುವಾಗಲೂ ಜೀವಂತ. ಗಿಡದಿಂದ ಬೇರೆಯಾದ ಮೇಲೂ ಅದು ಬೆಂಜೈಲ್ ಅಸಿಟೇಟನ್ನೂ ಲಿನಲೂಲನ್ನೂ ಹೊಸದಾಗಿ ಮಾಡಿ ಬಿಡುತ್ತಲೇ ಇರುತ್ತದೆ, ರಾತ್ರಿಯಿಡೀ. ಹೂವು ಒರತೆ, ಬಾಟಲಿ ತುಂಬಿಟ್ಟ ತೊಟ್ಟಿ. ತೊಟ್ಟಿಯಲ್ಲಿ ಮೇಲಿನದು ಖಾಲಿಯಾದರೆ ಮತ್ತೆ ತುಂಬುವವರಿಲ್ಲ. ಮಾರನೆಯ ದಿನ ಬಾಡಿ ಕಂದಾದ ದಂಡೆಯನ್ನು ಮೂಸಿ ನೋಡಿ, ನಿಮ್ಮ ಪರ್ಫ್ಯೂಮಿನ ಒಂದು ಗಂಟೆಯ ವಾಸನೆಗೆ ಹತ್ತಿರದ್ದೇನೋ ಸಿಕ್ಕುತ್ತದೆ.

ಮಲ್ಲಿಗೆಯ ಪರಿಮಳ ತೆಗೆಯುವ ವಿಧಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ಲ್ಯಾವೆಂಡರಿನಂತೆ ಹಬೆಯಲ್ಲಿ ಬಟ್ಟಿ ಇಳಿಸಿದರೆ ಮಲ್ಲಿಗೆ ಬೆಂದು ಕೆಡುತ್ತದೆ. ಹಾಗಾಗಿ ಹೂವನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಪರಿಮಳವನ್ನೂ ಮೇಣವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತಾರೆ. ದ್ರಾವಕ ಆವಿಯಾಗಿಸಿದರೆ ಕಾಂಕ್ರೀಟ್ ಎಂದು ಕರೆಯುವ ಮೇಣದಂಥ ಮುದ್ದೆ ಉಳಿಯುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ತೊಳೆದು, ತಂಪು ಮಾಡಿ ಮೇಣ ಸೋಸಿ ತೆಗೆದರೆ ಸಿಗುವುದು ಅಬ್ಸಲ್ಯೂಟ್ ಎಂಬ ಪರಿಮಳ ಸಾರ. ಒಂದು ಕಿಲೋ ಅಬ್ಸಲ್ಯೂಟಿಗೆ ಸುಮಾರು 700ರಿಂದ 1,000 ಕಿಲೋ ಹೂವು ಬೇಕು. ಈ ದಾರಿಯಲ್ಲಿ ಭಾರದ ವಸ್ತುಗಳು ಚೆನ್ನಾಗಿ ಬರುತ್ತವೆ, ಹೂವಿನ ಸುತ್ತಲಿನ ಗಾಳಿಯಲ್ಲಿ ತೇಲುವ ಹಗುರಾದವು ಒಂದಿಷ್ಟು ಕಳೆದುಹೋಗುತ್ತವೆ.

ನಿಮ್ಮ ಬಾಟಲಿ ಹಾಳು ಮಾಡಬೇಡಿ. ಮೈಗೆ ಬಿಟ್ಟು ಹತ್ತಿ ಸೀರೆಯ ಒಳಮಡಿಕೆಗೆ ಒಂದೇ ಸ್ಪ್ರೇ ಹೊಡೆಯಿರಿ. ಅಲ್ಲಿ ಸಿಹಿ ಇನ್ನಷ್ಟು ಹೊತ್ತು ನಿಲ್ಲುತ್ತದೆ, ಇಂಡೋಲ್ ಅಷ್ಟು ಮುಂದೆ ಬರುವುದಿಲ್ಲ.

ಪ್ರಶ್ನೆ: ಶುದ್ಧ ಶ್ರೀಗಂಧದ ಎಣ್ಣೆ ಎಂದು 5 ಮಿ.ಲೀ. ಕೊಂಡೆವು. ಕೈಗೆ ಹಚ್ಚಿದರೆ ಮೊದಲು ವಾಸನೆಯೇ ಇಲ್ಲ. ಮನೆಯಲ್ಲಿರುವ ಅಗ್ಗದ ಚಂದನ ಸೆಂಟು ಮೂರು ಮಾರು ದೂರಕ್ಕೆ ಹೊಡೆಯುತ್ತದೆ. ಮೋಸ ಹೋದೆವೇ? — ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೋಸ ಎಂದು ಹೇಳಲು ಈ ಲಕ್ಷಣ ಸಾಲದು, ಇದು ಬಹುಮಟ್ಟಿಗೆ ಒಳ್ಳೆಯ ಲಕ್ಷಣವೇ. ಒಳ್ಳೆಯ ಶ್ರೀಗಂಧದ ಎಣ್ಣೆಯಲ್ಲಿ ಸುಮಾರು ಶೇ 90 ಸ್ಯಾಂಟಲಾಲ್‌ಗಳೇ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಎರಡೂ ಭಾರದ ಅಣುಗಳು. ಹಾರಲು ಹಗುರಾದದ್ದು ಇಲ್ಲವಾದ್ದರಿಂದ ಟಾಪ್ ನೋಟ್ ಎಂಬುದೇ ಇಲ್ಲ. ಮೈಬಿಸಿಗೆ ಹತ್ತು ಹದಿನೈದು ನಿಮಿಷ ಕಾದ ಮೇಲೆ ಹಾಲಿನಂಥ, ಮೃದುವಾದ ಪರಿಮಳ ಮೆಲ್ಲಗೆ ಏಳುತ್ತದೆ, ಎಂಟು ಗಂಟೆ ಕಳೆದರೂ ಹೆಚ್ಚು ಬದಲಾಗದೆ ಇರುತ್ತದೆ. ಪಕ್ಕ ಕೂತವರಿಗೆ ಸಿಗುತ್ತದೆ, ಕೋಣೆಯ ಆಚೆಗೆ ಹೋಗುವುದಿಲ್ಲ. ಆ ಸಂಯಮವೇ ಅದರ ಬೆಲೆ ಎಂದು ನಾವು ನಂಬಿದ್ದೇವೆ. ದೂರಕ್ಕೆ ಹೊಡೆಯುವ ಚಂದನ ಸೆಂಟಿನಲ್ಲಿ ಸಾಮಾನ್ಯವಾಗಿ ಕೃತಕ ಗಂಧದ ವಸ್ತುಗಳಿರುತ್ತವೆ.

ಮನೆಯಲ್ಲಿ ಶುದ್ಧತೆ ಪರೀಕ್ಷಿಸುವ ಉಪಾಯಗಳನ್ನು ನೆಚ್ಚಬೇಡಿ. ಕಾಗದದ ಮೇಲೆ ಎಣ್ಣೆ ಕಲೆ ಉಳಿದರೆ ಕಲಬೆರಕೆ ಎನ್ನುತ್ತಾರೆ. ಅಪ್ಪಟ ಗಂಧದೆಣ್ಣೆಯೂ ದಿನಗಟ್ಟಲೆ ಕಲೆ ಬಿಡುತ್ತದೆ. ಖಚಿತವಾಗಿ ತಿಳಿಯಬೇಕೆಂದರೆ ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ಬೇರ್ಪಡಿಸಿ ತೋರಿಸುವ ಪ್ರಯೋಗಾಲಯದ ಗ್ಯಾಸ್ ಕ್ರೊಮಟಾಗ್ರಫಿ ಒಂದೇ ದಾರಿ.

ಪ್ರಶ್ನೆ: ಅತ್ತರಿಗೂ ಸ್ಪ್ರೇಗೂ ಮೈಮೇಲೆ ನಡೆಯುವುದರಲ್ಲಿ ವ್ಯತ್ಯಾಸವೇನು? ನೂರೈವತ್ತು ರೂಪಾಯಿಗೆ ಹತ್ತು ಗ್ರಾಂ ಗುಲಾಬಿ ಅತ್ತರು ಸಿಗುತ್ತದೆ, ತೆಗೆದುಕೊಳ್ಳಬಹುದೇ? — ಬಟ್ಟೆ ವ್ಯಾಪಾರಿ, ವಿಜಯಪುರ

ಉತ್ತರ: ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ. ಸ್ಪ್ರೇ ಹೊಡೆದಾಗ ಆಲ್ಕೋಹಾಲ್ ತಾನು ಹಾರುತ್ತ ಪರಿಮಳವನ್ನೂ ಗಾಳಿಗೆ ಎತ್ತುತ್ತದೆ, ಆ ಮೊದಲ ಅಬ್ಬರ ಅತ್ತರಿಗಿಲ್ಲ. ಮೈಗೆ ಅಂಟಿಕೊಂಡು ಸಾವಕಾಶವಾಗಿ ಬಿಚ್ಚಿಕೊಳ್ಳುತ್ತದೆ.

ಉತ್ತರ ಪ್ರದೇಶದ ಕನೌಜಿನ ಸಾಂಪ್ರದಾಯಿಕ ಕ್ರಮ ನೋಡಿದರೆ ಕಾರಣ ತಿಳಿಯುತ್ತದೆ. ದೇಗ್ ಎಂಬ ತಾಮ್ರದ ಹಂಡೆಗೆ ಹೂವು, ನೀರು ತುಂಬಿ ಬಾಯಿಯನ್ನು ಜೇಡಿಮಣ್ಣಿನಿಂದ ಮೆತ್ತುತ್ತಾರೆ. ಕೆಳಗೆ ಸೌದೆ ಅಥವಾ ಬೆರಣಿ ಬೆಂಕಿ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ತಣಿದ ಹಬೆಯ ಪರಿಮಳವನ್ನು ಎಣ್ಣೆ ಹೀರಿಕೊಳ್ಳುತ್ತದೆ, ನೀರನ್ನು ಕೆಳಗಿನಿಂದ ಬಸಿಯುತ್ತಾರೆ. ಹೊಸ ಹೂವು ಹಾಕಿ ಇದನ್ನೇ ದಿನಗಟ್ಟಲೆ ಮಾಡಿದ ಮೇಲೆ ಎಣ್ಣೆ ತುಂಬ ಹೂವು ಇಳಿದಿರುತ್ತದೆ. ಮೈಮೇಲೆ ಮೊದಲು ಹೂವು ಕಾಣಿಸಿಕೊಂಡು, ಅದು ಕರಗುತ್ತ ಕರಗುತ್ತ ಗಂಧ ಉಳಿಯುವುದು ಹೀಗಾಗಿ.

ಈಗ ಬೆಲೆಯ ಲೆಕ್ಕ. ಗಂಧದೆಣ್ಣೆ ಕಿಲೋಗೆ ಒಂದು ಲಕ್ಷ ಎಂದು ಕಡಿಮೆಯೇ ಹಿಡಿದರೂ 10 ಗ್ರಾಂಗೆ ಬರಿ ಎಣ್ಣೆಗೇ ಸಾವಿರ ರೂಪಾಯಿ. ನೂರೈವತ್ತಕ್ಕೆ ಸಿಗುವುದರಲ್ಲಿ ಲಿಕ್ವಿಡ್ ಪ್ಯಾರಫಿನ್ ಅಥವಾ ಅಂಥದೇ ವಾಸನೆ ಇಲ್ಲದ ಎಣ್ಣೆ ಮತ್ತು ಕೃತಕ ಗುಲಾಬಿ ಇರುತ್ತದೆ. ಆರು ಗಂಟೆ ಬಿಟ್ಟು ನೋಡಿ: ವಾಸನೆ ಹೋಗಿ ಜಿಡ್ಡು ಮಾತ್ರ ಉಳಿದರೆ ಅದು ಅಂಥದ್ದು. ಕೈಗೆಟಕುವ ಬೆಲೆಗೆ ಬಟ್ಟೆಗೋ ಕರವಸ್ತ್ರಕ್ಕೋ ಬಳಸಲು ಅಡ್ಡಿಯಿಲ್ಲ, ಗಂಧದ ಅತ್ತರು ಎಂದು ಹೇಳಿ ಮಾರಿದರೆ ತಪ್ಪು. ಯಾವುದೇ ಅತ್ತರಾಗಲಿ ಗಾಜಿನ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು, ಕಿವಿ ಹಿಂದೆ ಮತ್ತು ಮಣಿಕಟ್ಟಿಗೆ, ಸಾಕು. ಬಿಳಿ ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ.

ಪ್ರಶ್ನೆ: ಮಸ್ಕ್ ಎಂದು ಬರೆದಿರುವ ಪರ್ಫ್ಯೂಮ್ ನನಗೆ ನೀರಿನ ಹಾಗೆ, ಏನೂ ಗೊತ್ತಾಗುವುದಿಲ್ಲ. ಗೆಳೆಯರು ಜೋರಾಗಿದೆ ಎನ್ನುತ್ತಾರೆ. ನನ್ನ ಮೂಗಿಗೆ ಏನಾಗಿದೆ? — ಸಾಫ್ಟ್‌ವೇರ್ ಎಂಜಿನಿಯರ್, ಮಂಗಳೂರು

ಉತ್ತರ: ಬೇರೆ ವಾಸನೆಗಳು ಸರಿಯಾಗಿ ಸಿಗುತ್ತಿದ್ದರೆ ಚಿಂತೆ ಬೇಡ. ಮಸ್ಕ್ ಎಂದರೆ ಕಸ್ತೂರಿ. ಕೃತಕ ಕಸ್ತೂರಿಯ ಅಣುಗಳು ದೊಡ್ಡವು. ಅವುಗಳಲ್ಲಿ ಒಂದೋ ಎರಡೋ ಬಗೆ ಕೆಲವರ ಮೂಗಿಗೆ ಹುಟ್ಟಿನಿಂದಲೇ ತಾಗುವುದಿಲ್ಲ. ಇದೇ ಕಾರಣಕ್ಕೆ ತಯಾರಕರು ಒಂದೇ ಪರ್ಫ್ಯೂಮಿಗೆ ಮೂರು ನಾಲ್ಕು ಬಗೆಯ ಮಸ್ಕ್ ಬೆರೆಸುತ್ತಾರೆ, ಒಂದು ತಪ್ಪಿದರೆ ಇನ್ನೊಂದು ಸಿಗಲಿ ಎಂದು. ವಯೊಲೆಟ್ ಹೂವಿನ ಬೀಟಾ ಅಯೊನೋನ್ ಎಂಬ ಪರಿಮಳ ವಸ್ತುವಿಗೂ ಹೀಗೇ. ಅದನ್ನು ಗ್ರಹಿಸುವ ಶಕ್ತಿ ಬಹುಮಟ್ಟಿಗೆ ಓಆರ್5ಎ1 ಎಂಬ ಒಂದೇ ಜೀನಿನ ಮೇಲೆ ನಿಂತಿದೆ.

ನಿಮ್ಮ ಮಟ್ಟಿಗೆ ಎಚ್ಚರಿಕೆ ಒಂದೇ: ಗೊತ್ತಾಗುತ್ತಿಲ್ಲ ಎಂದು ಮತ್ತೆ ಮತ್ತೆ ಹೊಡೆದುಕೊಳ್ಳಬೇಡಿ. ಲಿಫ್ಟಿನಲ್ಲಿ ಜೊತೆಗಿರುವವರು ಅದನ್ನು ಅನುಭವಿಸಬೇಕಾಗುತ್ತದೆ. ಎಲ್ಲ ವಾಸನೆಯೂ ಒಮ್ಮೆಲೇ ಕಡಿಮೆಯಾಗಿದ್ದರೆ ಮಾತ್ರ ಇಎನ್‌ಟಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಊರಿನಲ್ಲಿ ಹಾಕುತ್ತಿದ್ದ ಸೆಂಟು ಇಲ್ಲಿನ ಚಳಿಗಾಲದಲ್ಲಿ ಮೇಲೇಳುವುದೇ ಇಲ್ಲ. — ಮಿನ್ನೆಸೋಟಾ, ಅಮೆರಿಕ

ಉತ್ತರ: ಚಳಿಯಲ್ಲಿ ಆವಿಯಾಗುವುದು ನಿಧಾನ. ಹೀಟರಿನ ಒಣ ಗಾಳಿ ಚರ್ಮವನ್ನೂ ಮೂಗಿನ ಒಳಪದರವನ್ನೂ ಒಣಗಿಸುತ್ತದೆ. ಕೋಟಿನ ಒಳಗೆ, ಬಿಸಿ ಇರುವ ಕತ್ತಿನ ಬುಡಕ್ಕೆ ಹಾಕಿಕೊಂಡರೆ ಕೋಟು ಬಿಚ್ಚಿದಾಗ ಏಳುತ್ತದೆ. ವೆನಿಲಾ, ಊದ್ (ಅಗರು), ಮಸಾಲೆಯ ಬಗೆಯವು ಅಲ್ಲಿನ ಚಳಿಗೆ ಚೆನ್ನಾಗಿ ಹೊಂದುತ್ತವೆ. ಅವನ್ನೇ ರಜೆಗೆ ಬಂದಾಗ ಏಪ್ರಿಲ್‌ನ ಸೆಕೆಯಲ್ಲಿ ಅಷ್ಟೇ ಹಾಕಿಕೊಂಡರೆ ತಲೆನೋವು ಬರಬಹುದು, ಅರ್ಧಕ್ಕೆ ಇಳಿಸಿ.

ಪ್ರಶ್ನೆ: ಕತ್ತಿನ ಪಕ್ಕದಲ್ಲಿ ಸೆಂಟು ಬಿದ್ದಷ್ಟೇ ಜಾಗದಲ್ಲಿ ನೀರು ಇಳಿದ ಗೆರೆಯಂತೆ ಕಪ್ಪು ಕಲೆಯಾಗಿದೆ. — ಬಳ್ಳಾರಿ

ಉತ್ತರ: ಬರ್ಗಮಾಟ್, ನಿಂಬೆ ಜಾತಿಯ ಸಿಪ್ಪೆಯ ಎಣ್ಣೆಗಳಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿರುತ್ತವೆ. ಅವು ಮೈಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಕಪ್ಪು ಗುರುತು ಉಳಿಯುತ್ತದೆ. ಪ್ರತಿಷ್ಠಿತ ತಯಾರಕರು ಆ ಅಂಶ ತೆಗೆದ ಎಣ್ಣೆ ಬಳಸುತ್ತಾರೆ ಅಥವಾ ಪ್ರಮಾಣ ಮಿತಿಯಲ್ಲಿ ಇಡುತ್ತಾರೆ. ಮನೆಯಲ್ಲೇ ಎಸೆನ್ಷಿಯಲ್ ಆಯಿಲ್ ಬೆರೆಸಿ ಸೆಂಟು ಮಾಡಿಕೊಳ್ಳುವವರು ಈ ಲೆಕ್ಕ ತಪ್ಪುತ್ತಾರೆ. ಆ ಸೆಂಟು ನಿಲ್ಲಿಸಿ, ಬಿಸಿಲಿಗೆ ಹೋಗುವಾಗ ಆ ಜಾಗ ಮುಚ್ಚಿಕೊಳ್ಳಿ, ಚರ್ಮವೈದ್ಯರನ್ನು ಕಾಣಿ. ಮುಂದೆ ಬಟ್ಟೆಗೆ ಮಾತ್ರ ಹಾಕಿ.

ಕಲೆಯ ಬದಲು ಕೆರೆತ, ಗುಳ್ಳೆ ಇದ್ದರೆ ಅದು ಅಲರ್ಜಿ ಇರಬಹುದು. ಗಾಳಿ ತಾಗಿ ಹಳೆಯದಾದ ಲಿಮೊನಿನ್, ಲಿನಲೂಲ್ ಇದಕ್ಕೆ ಸಾಮಾನ್ಯ ಕಾರಣ. ಹೊಸದನ್ನು ಬಳಸುವ ಮುನ್ನ ಮೊಣಕೈ ಮಡಿಕೆಯಲ್ಲಿ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಶೇವ್ ಮಾಡಿದ ತಕ್ಷಣ ಕೆನ್ನೆಗೆ, ಗಾಯದ ಮೇಲೆ ಹಾಕುವುದು ಬೇಡ.

ಪ್ರಶ್ನೆ: ರೇಷ್ಮೆ ಸೀರೆಗೆ ಹೊಡೆಯಬಹುದೇ? — ಚನ್ನಪಟ್ಟಣ

ಉತ್ತರ: ಬೇಡ. ಬಣ್ಣ ಹರಡುತ್ತದೆ, ಕಲೆ ಕೂರುತ್ತದೆ, ಜರಿ ಕಳೆಗುಂದಬಹುದು. ಮುತ್ತಿನ ಸರಕ್ಕೂ ಕೆಟ್ಟದ್ದು. ಸೆಂಟು ಮೊದಲು ಹಾಕಿಕೊಂಡು, ಅದು ಆರಿದ ಮೇಲೆ ಸೀರೆ, ಕೊನೆಗೆ ಒಡವೆ. ಆಲ್ಕೋಹಾಲ್ ಬೆಂಕಿ ಹಿಡಿಯುವಂಥದ್ದು, ಹಚ್ಚಿದ ದೀಪ ಅಥವಾ ಗ್ಯಾಸ್ ಒಲೆಯ ಹತ್ತಿರ ನಿಂತು ಸ್ಪ್ರೇ ಮಾಡಲೇಬೇಡಿ.

ಪ್ರಶ್ನೆ: ಮದುವೆಗೆ ಉಡುಗೊರೆ ಬಂದ ಪರ್ಫ್ಯೂಮ್, ಆರು ವರ್ಷ ಹಳೆಯದು. ಬಣ್ಣ ಕಂದಾಗಿದೆ. ಹೊಡೆದ ತಕ್ಷಣ ಹುಳಿ ಹುಳಿ, ನೇಲ್ ಪಾಲಿಶ್ ತರಹ. ಆಮೇಲೆ ಸರಿಹೋಗುತ್ತದೆ. ಎಸೆಯಬೇಕೇ? — ಕಲಬುರಗಿ

ಉತ್ತರ: ಆಮೇಲೆ ಸರಿಹೋಗುತ್ತದೆ ಎಂದಿರಲ್ಲ, ಉತ್ತರ ಅಲ್ಲೇ ಇದೆ. ಶಾಖ, ಬೆಳಕು, ಗಾಳಿಗೆ ಮೊದಲು ಕೆಡುವುದು ಟಾಪ್ ನೋಟ್. ನಿಮ್ಮ ಬಾಟಲಿಯಲ್ಲಿ ಅದು ಹೋಗಿದೆ, ಮಧ್ಯ ಮತ್ತು ಬೇಸ್ ಇನ್ನೂ ಗಟ್ಟಿಯಾಗಿವೆ. ಬಣ್ಣ ಕಂದಾಗುವುದು ವೆನಿಲಿನ್ ಅಥವಾ ಹೂವಿನ ಅಂಶ ಇರುವುದಕ್ಕೆಲ್ಲ ಸಹಜ, ಅಷ್ಟಕ್ಕೇ ಕೆಟ್ಟಿದೆ ಎನ್ನಬಾರದು. ಕಾಗದಕ್ಕೆ ಹೊಡೆದು ಅರ್ಧ ಗಂಟೆ ಬಿಟ್ಟು ಮೂಸಿ. ಆಗಲೂ ಹುಳಿ ಅಥವಾ ಹಳಸಿದ ಎಣ್ಣೆಯ ವಾಸನೆ ಇದ್ದರೆ ಎಸೆಯಿರಿ. ಚೆನ್ನಾಗಿದ್ದರೆ ಮೈಗೆ ಬೇಡ, ಮೇಲೆ ಹೇಳಿದ ಅಲರ್ಜಿಯ ಕಾರಣಕ್ಕೆ. ಹೊರಡುವ ಅರ್ಧ ಗಂಟೆ ಮೊದಲು ಹತ್ತಿ ಬಟ್ಟೆಗೆ ಹೊಡೆದು ಹ್ಯಾಂಗರಿಗೆ ಹಾಕಿ.

ಇನ್ನು ಮುಂದೆ ಬಾಟಲಿಯನ್ನು ಅದರ ಡಬ್ಬಿಯಲ್ಲೇ ಇಟ್ಟು, ಗೋಡೆಬೀರುವಿನ ಕೆಳಖಾನೆಯಲ್ಲಿ ಇಡಿ. ಬಚ್ಚಲುಮನೆ, ಕಿಟಕಿ ಪಕ್ಕದ ಡ್ರೆಸಿಂಗ್ ಟೇಬಲ್, ಕಾರಿನ ಡ್ಯಾಶ್‌ಬೋರ್ಡ್ ಮೂರೂ ಬೇಡ. ನಿಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಎರಡು ಮೂರು ತಿಂಗಳು ಫ್ರಿಜ್ಜಿನ ಬಾಗಿಲಿನ ಖಾನೆಯಲ್ಲಿ, ಬಿಗಿ ಡಬ್ಬಿಯೊಳಗೆ ಇಟ್ಟರೂ ಆಗುತ್ತದೆ. ಕಾಲು ಭಾಗಕ್ಕೆ ಇಳಿದ ಬಾಟಲಿಯಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಅದು ಬೇಗ ಕೆಡುತ್ತದೆ, ಅದನ್ನು ಮೊದಲು ಮುಗಿಸಿ. ದಿನಾ ಬಳಸದವರು 100 ಮಿ.ಲೀ. ಕೊಳ್ಳುವುದೇ ದಂಡ. ಮಿ.ಲೀ. ಲೆಕ್ಕದಲ್ಲಿ ಸ್ವಲ್ಪ ದುಬಾರಿಯಾದರೂ 30ರದ್ದನ್ನೇ ತೆಗೆದುಕೊಳ್ಳಿ.